ಬಸವನಹುಳು: ಪದದ ಅರ್ಥ ಮತ್ತು ಬಳಕೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯ ಮಕ್ಕಳು, ಅನುವಾದಕರು, ಪತ್ರಿಕೆಗಳಿಗೆ ಬರೆಯುವವರು ಮತ್ತು ಈಚಿನ ವರ್ಷಗಳಲ್ಲಿ ತೋಟಗಾರರು ಬಸವನಹುಳುವಿನ ಬಗ್ಗೆ ಬೇರೆ ಬೇರೆ ಕಾರಣಗಳಿಂದ ಕೇಳುತ್ತಿರುತ್ತಾರೆ. ಆ ಪ್ರಶ್ನೆಗಳಲ್ಲಿ ಮುಖ್ಯವಾದವನ್ನು ಇಲ್ಲಿ ಉತ್ತರಗಳೊಡನೆ ಕೊಡಲಾಗಿದೆ. ಪದದಿಂದ ತೊಡಗಿ ಪ್ರಾಣಿಯ ಕಡೆಗೆ ಹೋಗಿದ್ದೇನೆ, ಏಕೆಂದರೆ ಈ ಪದವನ್ನು ಸರಿಯಾಗಿ ಅರಿತವರಿಗೆ ಪ್ರಾಣಿಯ ಅರ್ಧ ಪರಿಚಯ ಆಗಲೇ ಆಗಿರುತ್ತದೆ.

‘ಬಸವನಹುಳು’ ಎಂಬ ಪದ ಹೇಗೆ ಬಂತು?

ಸಂಸ್ಕೃತದ ‘ವೃಷಭ’ ಶಬ್ದದ ತದ್ಭವ ‘ಬಸವ’. ಅದರ ಅರ್ಥ ಎತ್ತು, ಗೂಳಿ. ಬೆಂಗಳೂರಿನ ಬಸವನಗುಡಿಯಲ್ಲಿ, ಮನೆ ಬಾಗಿಲಿಗೆ ಬರುವ ಕೋಲೆಬಸವನಲ್ಲಿ, ಎಲೆ ಗೊರಸಿನಂತೆ ಸೀಳಿರುವ ಕಾರಣಕ್ಕೆ ಬಸವನಪಾದ ಎಂದು ಕರೆಸಿಕೊಳ್ಳುವ ಮರದಲ್ಲಿ ಇರುವುದು ಇದೇ ಬಸವ. ತಲೆಯ ಮೇಲೆ ಎರಡು ಕೋಡುಗಳನ್ನು ಎತ್ತಿಕೊಂಡು, ಅವಸರವಿಲ್ಲದೆ, ತಲೆ ತಗ್ಗಿಸಿ ಮುಂದೆ ಸಾಗುವ ಈ ಜೀವಿಯಲ್ಲಿ ನಮ್ಮ ಹಿಂದಿನವರು ಎತ್ತನ್ನು ಕಂಡರು. ಬೆನ್ನ ಮೇಲಿನ ದುಂಡನೆಯ ಚಿಪ್ಪು ಎತ್ತಿನ ಹಿಣಿಲಿನಂತೆಯೂ ನನಗೆ ಕಾಣುತ್ತದೆ. ಆದರೆ ಹೆಸರು ನಿಲ್ಲುವುದಕ್ಕೆ ಕೋಡುಗಳಷ್ಟೇ ಸಾಕು.

ಒಂದೇ ಪ್ರಾಣಿಯನ್ನು ಬೇರೆ ಬೇರೆ ಭಾಷೆಗಳು ಬೇರೆ ಬೇರೆ ಕಡೆಯಿಂದ ನೋಡಿವೆ. ಇಂಗ್ಲಿಷಿನ ‘ಸ್ನೇಲ್’ ಪದ ತೆವಳು ಎಂಬ ಅರ್ಥದ ಹಳೆಯ ಮೂಲದಿಂದ ಬಂದಿದೆ. ಹಾವು ಎಂಬ ಅರ್ಥದ ‘ಸ್ನೇಕ್’ ಕೂಡ ಅದೇ ಬೇರಿನದು. ಅಲ್ಲಿ ಕಣ್ಣಿಗೆ ಬಿದ್ದದ್ದು ನಡೆ. ಲ್ಯಾಟಿನ್ನಿನ ‘ಕಾಕ್ಲಿಯಾ’ ಸುರುಳಿ ಸುತ್ತಿದ ಚಿಪ್ಪಿನ ಕಡೆಗೆ ಬೆರಳು ತೋರುತ್ತದೆ. ಕನ್ನಡ ನೋಡಿದ್ದು ಮುಖವನ್ನು. ಈ ಮೂರರಲ್ಲಿ ಪ್ರಾಣಿಯನ್ನು ಎದುರಿಗೆ ಕುಳಿತು ನೋಡಿದವರ ಹೆಸರು ನಮ್ಮದೇ ಎಂದು ನಾನು ನಂಬಿದ್ದೇನೆ.

ಬಸವಣ್ಣನವರಿಗೂ ಈ ಹೆಸರಿಗೂ ಸಂಬಂಧವಿದೆಯೇ?

ನೇರ ಸಂಬಂಧವಿಲ್ಲ. ಹನ್ನೆರಡನೆಯ ಶತಮಾನದ ಬಸವಣ್ಣನವರ ಹೆಸರೂ ಹುಳುವಿನ ಹೆಸರೂ ‘ವೃಷಭ’ದಿಂದ ಬಂದ ಒಂದೇ ಶಬ್ದವನ್ನು ಬೇರೆ ಬೇರೆಯಾಗಿ ಪಡೆದಿವೆ. ಒಂದರಲ್ಲಿ ಶಿವನ ವಾಹನವಾದ ನಂದಿಯ ಮೇಲಿನ ಭಕ್ತಿ ಇದೆ, ಇನ್ನೊಂದರಲ್ಲಿ ಬರಿಯ ರೂಪಸಾಮ್ಯ ಇದೆ. ಆದ್ದರಿಂದ ಹುಳುವಿನ ಹೆಸರು ಯಾರಿಗೂ ಅಗೌರವ ತರುವಂಥದಲ್ಲ. ಹಳ್ಳಿಗಳಲ್ಲಿ ಮಕ್ಕಳು ಅದನ್ನು ‘ಬಸವಣ್ಣ’ ಎಂದೇ ಪ್ರೀತಿಯಿಂದ ಕೂಗುವುದುಂಟು.

ಅದರ ತಲೆಯ ಮೇಲಿರುವುದು ನಿಜವಾಗಿಯೂ ಕೋಡುಗಳೇ?

ಎತ್ತಿನ ಕೋಡಿನಂತೆ ಗಟ್ಟಿಯಾದುವಲ್ಲ. ಅವು ಸ್ಪರ್ಶಾಂಗಗಳು. ಮಳೆ ನಿಂತ ಬೆಳಿಗ್ಗೆ ಕಾಂಪೌಂಡಿನ ಗೋಡೆಯ ಮೇಲೆ ಹೋಗುತ್ತಿರುವ ಒಂದು ಬಸವನಹುಳುವಿನ ಮುಂದೆ ಐದು ನಿಮಿಷ ನಿಂತರೆ ಇದನ್ನೆಲ್ಲ ಕಣ್ಣಾರೆ ಕಾಣಬಹುದು. ನೆಲದ ಮೇಲೆ ಬದುಕುವ ಬಹುಪಾಲು ಬಸವನಹುಳುಗಳಿಗೆ ಎರಡು ಜೊತೆ ಕೋಡುಗಳಿರುತ್ತವೆ. ಮೇಲಿನ ಜೊತೆ ಉದ್ದ, ಅವುಗಳ ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಕಪ್ಪು ಚುಕ್ಕೆಯಂತೆ ಕಣ್ಣು ಇರುತ್ತದೆ. ಕೆಳಗಿನ ಜೊತೆ ಗಿಡ್ಡ, ಅದು ನೆಲವನ್ನು ಮುಟ್ಟಿ ಮುಟ್ಟಿ ವಾಸನೆ ಮತ್ತು ರುಚಿಯನ್ನು ಅರಿಯುತ್ತದೆ. ಹುಲ್ಲುಕಡ್ಡಿಯಿಂದ ಮೇಲಿನ ಕೋಡನ್ನು ಮೆಲ್ಲನೆ ಸೋಕಿದರೆ ಅದು ಮಡಿಸಿಕೊಳ್ಳುವುದಿಲ್ಲ. ಅಂಗಿಯ ತೋಳನ್ನು ಒಳಮಗ್ಗುಲಾಗಿ ಎಳೆದುಕೊಂಡಂತೆ ತುದಿಯ ಕಣ್ಣೇ ಮೊದಲು ಒಳಕ್ಕೆ ಹೋಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕೋಡು ಮತ್ತೆ ನಿಧಾನವಾಗಿ ಹೊರಹೊಮ್ಮಿ, ಕೊನೆಗೆ ಕಪ್ಪು ಚುಕ್ಕೆ ತುದಿಗೆ ಬಂದು ನಿಲ್ಲುತ್ತದೆ.

ಬಸವನಹುಳು ಕೀಟವಲ್ಲವಲ್ಲ, ಹಾಗಾದರೆ ‘ಹುಳು’ ಎನ್ನುವುದು ತಪ್ಪೇ?

ತಪ್ಪಲ್ಲ. ಕನ್ನಡದ ‘ಹುಳು’ ವಿಜ್ಞಾನದ ‘ಕೀಟ’ಕ್ಕಿಂತ ಬಹಳ ವಿಶಾಲವಾದ ಪದ. ಎರೆಹುಳು, ಜಂತುಹುಳು, ರೇಷ್ಮೆಹುಳು, ಮಿಂಚುಹುಳು ಇವೆಲ್ಲ ಬೇರೆ ಬೇರೆ ವರ್ಗದ ಜೀವಿಗಳಾದರೂ ನಾವು ಎಲ್ಲವನ್ನೂ ಹುಳು ಎನ್ನುತ್ತೇವೆ. ಚಿಕ್ಕದಾಗಿ, ಮೆತ್ತಗೆ, ತೆವಳಿಕೊಂಡು ಇರುವುದೆಂಬ ಒಂದು ಲೋಕರೂಢಿಯ ಗುಂಪು ಅದು. ಪಠ್ಯಪುಸ್ತಕದ ಭಾಷೆಯಲ್ಲಿ ಹೇಳಬೇಕಾದಾಗ ಬಸವನಹುಳು ಮೃದ್ವಂಗಿಗಳ ವಂಶಕ್ಕೂ ಅದರಲ್ಲಿ ಉದರಪಾದಿಗಳ ವರ್ಗಕ್ಕೂ ಸೇರಿದ್ದು ಎಂದು ಬರೆಯಬೇಕು. ಹೊಟ್ಟೆಯ ಅಡಿಭಾಗವೇ ಪಾದವಾಗಿ ನಡೆಯುವ ಪ್ರಾಣಿ ಎಂಬುದು ಆ ಹೆಸರಿನ ಅರ್ಥ. ತಪ್ಪಾಗುವುದು ‘ಬಸವನಹುಳು ಎಂಬ ಕೀಟ’ ಎಂದು ಬರೆದಾಗ. ಕೃಷಿ ವರದಿಗಳಲ್ಲಿ ಈ ತಪ್ಪು ಆಗಾಗ ಕಾಣುತ್ತದೆ. ಅಲ್ಲಿ ‘ಪೀಡೆ’ ಎಂಬ ಪದ ಬಳಸಿದರೆ ಸರಿಹೋಗುತ್ತದೆ.

ಕೂಡಿಸಿ ಬರೆಯಬೇಕೇ, ಬಿಡಿಸಿ ಬರೆಯಬೇಕೇ?

ಎರಡೂ ರೂಢಿಯಲ್ಲಿವೆ. ಒಂದು ಪ್ರಾಣಿಯ ಹೆಸರಾಗಿ ನಿಂತಿರುವುದರಿಂದ ‘ಬಸವನಹುಳು’ ಎಂದು ಕೂಡಿಸಿ ಬರೆಯುವುದು ಹೆಚ್ಚು ಸರಿ ಎಂಬುದು ನನ್ನ ಅಭಿಪ್ರಾಯ. ಆಡುಮಾತಿನಲ್ಲಿ ‘ಬಸವನಹುಳ’ ಎನ್ನುವುದೇ ಹೆಚ್ಚು. ಬರವಣಿಗೆಯಲ್ಲಿ ಬಸವನಹುಳುವನ್ನು, ಬಸವನಹುಳುವಿನ, ಬಸವನಹುಳುವಿಗೆ, ಬಸವನಹುಳುಗಳು ಎಂಬ ರೂಪಗಳು ಬರುತ್ತವೆ. ಕೋಶಗಳಲ್ಲಿ ಸಿಗುವ ‘ಶಂಬೂಕ’ ಎಂಬ ಸಂಸ್ಕೃತ ಪದ ಚಿಪ್ಪಿನ ಜೀವಿಗಳಿಗೆಲ್ಲ ಸಲ್ಲುವಂಥದು, ದಿನಬಳಕೆಯಲ್ಲಿ ಇಲ್ಲ.

ಶಂಖದ ಹುಳು, ಗೊಂಡೆಹುಳು, ಸಿಂಬಳದ ಹುಳು ಇವೆಲ್ಲ ಒಂದೇ ಆಗಿವೆಯೇ?

ಒಂದೇ ಅಲ್ಲ, ಆದರೆ ದಾಯಾದಿಗಳು. ಮಲೆನಾಡಿನ ಮತ್ತು ಕೊಡಗಿನ ಕಡೆ ಉದ್ದನೆಯ, ಮೊನಚಾದ ಚಿಪ್ಪಿನ ದೊಡ್ಡ ಬಸವನಹುಳುವನ್ನು ಶಂಖದ ಹುಳು ಅಥವಾ ಶಂಖುಹುಳು ಎನ್ನುತ್ತಾರೆ. ಚಿಪ್ಪು ಪೂಜೆಯ ಶಂಖವನ್ನು ಹೋಲುವುದೇ ಕಾರಣ. ಹೊರಗೆ ಚಿಪ್ಪಿಲ್ಲದೆ, ಬರಿಮೈಯಲ್ಲಿ ಲೋಳೆಯ ಗೆರೆ ಬಿಟ್ಟುಕೊಂಡು ಹೋಗುವುದಕ್ಕೆ ಗೊಂಡೆಹುಳು, ಸಿಂಬಳದ ಹುಳು ಎಂಬ ಹೆಸರುಗಳಿವೆ. ಅನುವಾದ ಮಾಡುವವರು ಚಿಪ್ಪಿಲ್ಲದ ಪ್ರಾಣಿಗೆ ಬಸವನಹುಳು ಎಂದು ಬರೆಯದಿರುವುದು ಒಳ್ಳೆಯದು.

ನೆರೆಯ ಭಾಷೆಗಳಲ್ಲಿ ಇದಕ್ಕೆ ಏನೆನ್ನುತ್ತಾರೆ?

ತಮಿಳಿನಲ್ಲಿ ನತ್ತೈ, ತೆಲುಗಿನಲ್ಲಿ ನತ್ತ, ತುಳುವಿನಲ್ಲಿ ನರ್ತೆ, ಮಲಯಾಳದಲ್ಲಿ ಒಚ್ಚ್. ಮೊದಲ ಮೂರೂ ಅಕ್ಕತಂಗಿಯರಂತೆ ಇರುವುದು ಕಿವಿಗೇ ತಿಳಿಯುತ್ತದೆ. ಕನ್ನಡವು ಇವುಗಳ ನಡುವೆ ಇದ್ದೂ ಎತ್ತಿನ ಹೋಲಿಕೆಯ ತನ್ನದೇ ಹೆಸರನ್ನು ಮುಂದಕ್ಕೆ ತಂದುಕೊಂಡಿತು.

ಶಂಖ, ಕವಡೆ, ಕಪ್ಪೆಚಿಪ್ಪು, ಸಾಲಿಗ್ರಾಮ ಇವು ಬಸವನಹುಳುವಿನ ಚಿಪ್ಪುಗಳೇ?

ಮೊದಲ ಎರಡು ಹೌದು, ಕೊನೆಯ ಎರಡು ಅಲ್ಲ.

ದೇವರ ಮನೆಯಲ್ಲಿ ಇಟ್ಟು ಊದುವ ಶಂಖ, ಟರ್ಬಿನೆಲ್ಲಾ ಪೈರಮ್ ಎಂಬ ಸಮುದ್ರದ ಬಸವನಹುಳುವಿನ ಚಿಪ್ಪು. ತಮಿಳುನಾಡಿನ ಮನ್ನಾರ್ ಕೊಲ್ಲಿಯ ತಳದಿಂದ ಅದನ್ನು ಮುಳುಗುಗಾರರು ಶತಮಾನಗಳಿಂದ ತೆಗೆಯುತ್ತ ಬಂದಿದ್ದಾರೆ. ‘ಶಂಖದಿಂದ ಬಂದರೇ ತೀರ್ಥ’ ಎಂಬ ನಮ್ಮ ಗಾದೆಯಲ್ಲಿ ನೀರಿಗೆ ಮಾನ ತಂದುಕೊಡುವ ಪಾತ್ರೆ ಒಂದು ಕಾಲಕ್ಕೆ ಒಂದು ಮೆತ್ತನೆಯ ಪ್ರಾಣಿಯ ಮನೆಯಾಗಿತ್ತು. ಚಿಪ್ಪಿನ ಮೊನೆಯನ್ನು ಕತ್ತರಿಸಿ ತೂತು ಮಾಡಿ ಊದಿದಾಗ, ಉಸಿರು ಒಳಗಿನ ಸುರುಳಿಯಲ್ಲಿ ಸುತ್ತಿ ಹಿಗ್ಗುತ್ತ ಹೊರಬರುವುದರಿಂದ ಆ ಗಂಭೀರ ನಾದ ಹುಟ್ಟುತ್ತದೆ.

ಕವಡೆಯೂ ಸಮುದ್ರದ ಬಸವನಹುಳುವಿನದೇ. ಮಾಲ್ಡೀವ್ಸ್ ದ್ವೀಪಗಳಿಂದ ಹಡಗು ಹಡಗು ಕವಡೆಗಳು ಬಂಗಾಳಕ್ಕೆ ಬಂದು ಅಲ್ಲಿ ಚಿಲ್ಲರೆ ನಾಣ್ಯದಂತೆ ಚಲಾವಣೆಯಲ್ಲಿದ್ದವು. ಬೆಲೆಯಿಲ್ಲದ್ದನ್ನು ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂದು ನಾವು ಇಂದಿಗೂ ಹೇಳುವಾಗ ನೆನಪಾಗುವುದು ಅದೇ ಹಣ. ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳಿನ ಕವಡೆಸರ, ಕಣಿ ಹೇಳುವವರ ಮುಂದಿನ ಕವಡೆ, ಚೌಕಾಬಾರದಲ್ಲಿ ದಾಳದ ಬದಲು ಉರುಳುವ ಕವಡೆ ಎಲ್ಲವೂ ಅದೇ ಜಾತಿಯವು. ಬೆನ್ನು ನುಣುಪಾಗಿ, ಹೊಟ್ಟೆಯಲ್ಲಿ ಹಲ್ಲಿನಂಥ ಸೀಳು ಇರುವುದರಿಂದ ಅದು ಸುರುಳಿ ಚಿಪ್ಪಲ್ಲವೆಂದು ತೋರುತ್ತದೆ. ನಿಜದಲ್ಲಿ ಬೆಳೆಯುತ್ತ ಬಂದ ಹಾಗೆ ಕೊನೆಯ ಸುತ್ತು ಉಳಿದೆಲ್ಲ ಸುತ್ತುಗಳನ್ನೂ ಒಳಗೆ ಮುಚ್ಚಿಬಿಟ್ಟಿರುತ್ತದೆ. ಅಡ್ಡಲಾಗಿ ಕೊಯ್ದ ಕವಡೆಯಲ್ಲಿ ಸುರುಳಿ ಸ್ಪಷ್ಟವಾಗಿ ಕಾಣುತ್ತದೆ.

ಕಪ್ಪೆಚಿಪ್ಪು ಎರಡು ಹೋಳುಗಳು ಬಾಗಿಲಿನಂತೆ ಕೂಡಿಕೊಳ್ಳುವ ಬೇರೊಂದು ವರ್ಗದ ಮೃದ್ವಂಗಿಯದು, ತುಳುವಿನ ಮರುವಾಯಿಯೂ ಆ ಗುಂಪಿಗೆ ಸೇರಿದೆ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಸಾಲಿಗ್ರಾಮದೊಳಗಿನ ಚಕ್ರವು ಬಸವನಹುಳುವಿನ ಸುರುಳಿಯಂತೆಯೇ ಕಂಡರೂ ಅದು ಅಮ್ಮೊನೈಟ್ ಎಂಬ, ಕೋಟ್ಯಂತರ ವರ್ಷಗಳ ಹಿಂದೆ ಅಳಿದುಹೋದ ಸಮುದ್ರಜೀವಿಯ ಪಳೆಯುಳಿಕೆ. ಅದರ ಹತ್ತಿರದ ನೆಂಟರು ಆಕ್ಟೋಪಸ್ ಮತ್ತು ಬೊಂಡಾಸ್ ಮೀನಿನ ಬಳಗದವರು.

ಬಲಮುರಿ ಶಂಖ ಏಕೆ ಅಷ್ಟು ಅಪರೂಪ?

ಬಸವನಹುಳುಗಳಲ್ಲಿ ಹೆಚ್ಚಿನ ಜಾತಿಗಳ ಚಿಪ್ಪು ಒಂದೇ ದಿಕ್ಕಿಗೆ ಸುತ್ತಿಕೊಳ್ಳುತ್ತದೆ. ಪೂಜೆಯ ಶಂಖವನ್ನು ಕೊಡುವ ಕಡಲ ಬಸವನಹುಳುವಿನಲ್ಲಿಯೂ ಹಾಗೆಯೇ. ಎಲ್ಲೋ ಒಂದು ಮರಿ ಹುಟ್ಟುವಾಗಲೇ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬೆಳೆಯುತ್ತದೆ, ಅದರ ಚಿಪ್ಪೇ ದಕ್ಷಿಣಾವರ್ತಿ ಅಥವಾ ಬಲಮುರಿ ಶಂಖ ಎನಿಸಿಕೊಳ್ಳುತ್ತದೆ. ಇಲ್ಲೊಂದು ಎಚ್ಚರ ಬೇಕು. ಚಿಪ್ಪಿನ ಮೊನೆಯನ್ನು ಮೇಲಕ್ಕೆ ಹಿಡಿದು ಬಾಯಿ ಯಾವ ಕಡೆಗೆ ಇದೆಯೆಂದು ನೋಡುವ ಪ್ರಾಣಿಶಾಸ್ತ್ರಜ್ಞರ ಲೆಕ್ಕದಲ್ಲಿ ಇದೇ ಬಲಮುರಿ ಶಂಖ ‘ಎಡಸುತ್ತಿನದು’ ಎನಿಸುತ್ತದೆ. ಊದುವ ತುದಿಯನ್ನು ತನ್ನ ಕಡೆಗೆ ಇಟ್ಟುಕೊಳ್ಳುವ ಅರ್ಚಕರ ನೋಟವೂ ಮೊನೆಯನ್ನು ಮೇಲಕ್ಕೆ ಇಡುವ ವಿಜ್ಞಾನಿಯ ನೋಟವೂ ಬೇರೆಯಾದ್ದರಿಂದ ಹೆಸರು ಬದಲಾಯಿತು, ವಸ್ತು ಒಂದೇ. ಎರಡೂ ಬಗೆಯ ಬರಹಗಳನ್ನು ಓದುವವರು ಗಲಿಬಿಲಿಗೊಳ್ಳುವುದು ಇಲ್ಲಿಯೇ. ಮಾರುಕಟ್ಟೆಯಲ್ಲಿ ಬಲಮುರಿ ಎಂದು ಅಗ್ಗಕ್ಕೆ ಮಾರುವ ಚಿಪ್ಪುಗಳಲ್ಲಿ ಎಷ್ಟೋ ಬೇರೆ ಸಮುದ್ರಗಳ ಬೇರೆ ಜಾತಿಯವು. ಆ ಜಾತಿಗಳಲ್ಲಿ ಆ ಸುತ್ತು ಸಹಜವಾದದ್ದೇ ಆಗಿರುತ್ತದೆ.

ನಿಧಾನ ಎಂಬ ಅರ್ಥದಲ್ಲಿ ‘ಬಸವನಹುಳುವಿನ ವೇಗ’ ಎಂದು ಬರೆಯಬಹುದೇ?

ಅರ್ಥವಾಗುತ್ತದೆ, ಆದರೆ ಅದು ಇಂಗ್ಲಿಷಿನಿಂದ ಬಂದ ಹೋಲಿಕೆ. ಕನ್ನಡದಲ್ಲಿ ನಿಧಾನಕ್ಕೆ ಹೆಸರಾದದ್ದು ಆಮೆ. ರಸ್ತೆ ಕಾಮಗಾರಿ ಆಮೆಗತಿಯಲ್ಲಿ ಸಾಗುತ್ತದೆ, ಕಡತ ಆಮೆವೇಗದಲ್ಲಿ ಚಲಿಸುತ್ತದೆ. ಬೆಳಗಿನ ಪತ್ರಿಕೆ ತೆರೆದರೆ ಯಾವುದಾದರೂ ಊರಿನ ಸೇತುವೆಯ ಬಗ್ಗೆ ಈ ಮಾತು ಇದ್ದೇ ಇರುತ್ತದೆ. ಅನುವಾದಿಸುವಾಗ ಇಂಗ್ಲಿಷಿನಲ್ಲಿ ಬಸವನಹುಳು ಇದ್ದ ಮಾತ್ರಕ್ಕೆ ಕನ್ನಡಕ್ಕೂ ಅದನ್ನೇ ಎಳೆದು ತರಬೇಕಾಗಿಲ್ಲ. ಬರಹದ ವಿಷಯವೇ ಬಸವನಹುಳುವಾಗಿದ್ದರೆ, ಅಥವಾ ಆ ಚಿತ್ರವೇ ಕವಿತೆಗೆ ಬೇಕಾಗಿದ್ದರೆ, ಆಗ ಉಳಿಸಿಕೊಳ್ಳುವುದು ಸರಿ. ಬಸವನಹುಳುವಿನೊಂದಿಗೆ ಕನ್ನಡದಲ್ಲಿ ಸಹಜವಾಗಿ ಹೊಂದುವ ಕ್ರಿಯಾಪದ ‘ತೆವಳು’. ‘ಬಸವನಹುಳುವಿನಂತೆ ತೆವಳುತ್ತಿದೆ’ ಎಂದಾಗ ವಾಕ್ಯ ನಮ್ಮದಾಗುತ್ತದೆ.

ಕೋಡನ್ನೂ ಮೈಯನ್ನೂ ಒಮ್ಮೆಗೇ ಚಿಪ್ಪಿನೊಳಗೆ ಎಳೆದುಕೊಳ್ಳುವ ಅದರ ಗುಣವನ್ನು ಅಂಜಿಕೆಯ ಅಥವಾ ಒಂಟಿತನದ ವರ್ಣನೆಗೆ ಬಳಸುವುದು ವೇಗದ ಹೋಲಿಕೆಗಿಂತ ಕನ್ನಡಕ್ಕೆ ಹೆಚ್ಚು ಒಪ್ಪುತ್ತದೆ. ‘ಮಾತು ಬಂದಾಗಲೆಲ್ಲ ಚಿಪ್ಪಿನೊಳಗೆ ಸೇರಿಕೊಳ್ಳುವವನು’ ಎಂದರೆ ಯಾರಿಗೂ ವಿವರಣೆ ಬೇಕಾಗುವುದಿಲ್ಲ.

ಹಾಗಾದರೆ ಅದರ ನಿಜವಾದ ವೇಗ ಎಷ್ಟು?

ಇಂಗ್ಲೆಂಡಿನ ನಾರ್ಫಕ್ ಸೀಮೆಯ ಕಾಂಗಮ್ ಹಳ್ಳಿಯಲ್ಲಿ ಬಸವನಹುಳುಗಳ ಓಟದ ಸ್ಪರ್ಧೆ ನಡೆಯುತ್ತದೆ. ಅಲ್ಲಿ 1995ರಲ್ಲಿ ಆರ್ಚಿ ಎಂಬ ಹೆಸರಿನ ಹುಳು 13 ಅಂಗುಲದ ದೂರವನ್ನು 2 ನಿಮಿಷಗಳಲ್ಲಿ ದಾಟಿ ದಾಖಲೆ ಮಾಡಿತು. ಅಂದರೆ ಸೆಕೆಂಡಿಗೆ ಮೂರು ಮಿಲಿಮೀಟರಿಗೂ ಕಡಿಮೆ. ಈ ನಡಿಗೆಗೆ ಅದು ತೆರುವ ಬೆಲೆಯೂ ದೊಡ್ಡದು: ಪಾದದ ಅಡಿಯಲ್ಲಿ ಸ್ನಾಯುಗಳ ಅಲೆ ಒಂದರ ಹಿಂದೆ ಒಂದು ಹರಿಯುತ್ತಿರಬೇಕು, ಜೊತೆಗೆ ದಾರಿಯುದ್ದಕ್ಕೂ ತನ್ನದೇ ಮೈಯ ಲೋಳೆಯನ್ನು ಹಾಸಿಕೊಳ್ಳುತ್ತಲೇ ಇರಬೇಕು. ಗಾಜಿನ ಕಿಟಕಿಯ ಮೇಲೆ ಹತ್ತುವ ಬಸವನಹುಳುವನ್ನು ಒಳಗಿನಿಂದ ನೋಡಿದರೆ ಪಾದದ ಆ ಅಲೆಗಳು ಪಟ್ಟೆ ಪಟ್ಟೆಯಾಗಿ ಸರಿಯುವುದು ಚೆನ್ನಾಗಿ ಕಾಣುತ್ತದೆ.

ಬಾವಿಗೆ ಬಿದ್ದ ಬಸವನಹುಳುವಿನ ಲೆಕ್ಕಕ್ಕೆ ಸರಿಯಾದ ಉತ್ತರ ಯಾವುದು?

ಮೂವತ್ತು ಅಡಿ ಆಳದ ಬಾವಿಯಿಂದ ಹಗಲು ಮೂರು ಅಡಿ ಏರಿ ಇರುಳು ಎರಡು ಅಡಿ ಜಾರುವ ಬಸವನಹುಳು ಎಷ್ಟನೆಯ ದಿನ ಮೇಲೆ ಬರುತ್ತದೆ ಎಂಬ ಲೆಕ್ಕಕ್ಕೆ ಮಕ್ಕಳು 30 ಎಂದು ಬರೆದುಬಿಡುತ್ತಾರೆ. ಉತ್ತರ 28. ಇಪ್ಪತ್ತೇಳು ದಿನ ಕಳೆದಾಗ ಅದು 27 ಅಡಿಯ ಮೇಲಿರುತ್ತದೆ, 28ನೆಯ ಹಗಲು ಉಳಿದ ಮೂರು ಅಡಿ ಏರಿದರೆ ದಂಡೆ ಸಿಗುತ್ತದೆ. ಮತ್ತೆ ಜಾರುವ ಪ್ರಶ್ನೆಯೇ ಇಲ್ಲ.

‘ಸ್ನೇಲ್ ಮೇಲ್’ ಎಂಬುದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು?

ಇಮೇಲ್ ಬಂದ ಮೇಲೆ, ಅಂಚೆಯವರು ಹೊತ್ತು ತರುವ ಕಾಗದವನ್ನು ಬೇರೆ ಮಾಡಿ ತೋರಿಸುವುದಕ್ಕಾಗಿ ಇಂಗ್ಲಿಷಿನಲ್ಲಿ ಹರಡಿದ ಮಾತು ಅದು. ‘ಬಸವನಹುಳು ಅಂಚೆ’ ಎಂದು ಪದಕ್ಕೆ ಪದ ಇಟ್ಟರೆ ಓದುಗರಿಗೆ ಏನೂ ಹೊಳೆಯುವುದಿಲ್ಲ. ‘ಅಂಚೆ’, ‘ಅಂಚೆಯ ಮೂಲಕ’, ‘ಟಪಾಲು’ ಎಂದರೆ ಸಾಕು.

ಇಮೇಲ್ ವಿಳಾಸದ ‘ಅಟ್’ ಚಿಹ್ನೆಗೂ ಬಸವನಹುಳುವಿಗೂ ಏನು ಸಂಬಂಧ?

ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸುವಾಗ, ಬಳಕೆದಾರನ ಹೆಸರನ್ನೂ ಯಂತ್ರದ ಹೆಸರನ್ನೂ ಬೇರ್ಪಡಿಸಲು ಆ ಚಿಹ್ನೆಯನ್ನು ಆರಿಸಿಕೊಂಡರು. ಸಣ್ಣ ಅಕ್ಷರದ ಸುತ್ತ ಒಂದು ಬಾಲ ಸುತ್ತಿಕೊಂಡಿರುವ ಅದರ ರೂಪ ಇಟಲಿಯವರಿಗೆ ಬಸವನಹುಳುವಿನಂತೆ ಕಂಡಿತು. ಅವರು ಇಂದಿಗೂ ಅದನ್ನು ಬಸವನಹುಳು ಎಂಬ ಅರ್ಥದ ತಮ್ಮ ಪದದಿಂದಲೇ ಓದುತ್ತಾರೆ. ಕೊರಿಯನ್ನರು ತಮ್ಮ ಕಡಲಿನ ಒಂದು ಬಸವನಹುಳುವಿನ ಹೆಸರನ್ನು ಕೊಟ್ಟಿದ್ದಾರೆ. ಕನ್ನಡಿಗರು ‘ಅಟ್’ ಎಂದೇ ಉಳಿಸಿಕೊಂಡಿದ್ದೇವೆ.

ಕಿವಿಯೊಳಗೆ ಬಸವನಹುಳು ಇದೆ ಎನ್ನುತ್ತಾರಲ್ಲ, ಅದೇನು?

ಒಳಕಿವಿಯಲ್ಲಿ ಶಬ್ದವನ್ನು ನರಸಂದೇಶವಾಗಿ ಬದಲಿಸುವ ಅಂಗದ ಹೆಸರು ಕಾಕ್ಲಿಯಾ. ಲ್ಯಾಟಿನ್ನಿನಲ್ಲಿ ಬಸವನಹುಳು ಎಂದೇ ಅರ್ಥ. ಸುಮಾರು ಎರಡೂವರೆ ಸುತ್ತು ಸುತ್ತಿದ, ದ್ರವ ತುಂಬಿದ ಮೂಳೆಯ ಕೊಳವೆ ಅದು. ಬುಡದ ಭಾಗ ಕೀರಲು ಸ್ವರಗಳಿಗೂ ತುದಿಯ ಭಾಗ ಗಡಸು ಸ್ವರಗಳಿಗೂ ಸ್ಪಂದಿಸುತ್ತದೆ. ಹುಟ್ಟಿನಿಂದ ಕಿವಿ ಕೇಳದ ಮಕ್ಕಳಿಗೆ ಮಾಡುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಲ್ಲಿ ತೆಳುವಾದ ತಂತಿಯನ್ನು ಈ ಸುರುಳಿಯೊಳಕ್ಕೇ ನೂಲಿನಂತೆ ತೂರಿಸುತ್ತಾರೆ. ಕನ್ನಡದಲ್ಲಿ ವಿವರಿಸುವಾಗ ‘ಶಂಖದಾಕಾರದ ಒಳಕಿವಿ’ ಎಂದರೆ ತಂದೆತಾಯಿಗಳಿಗೆ ಕೂಡಲೇ ಅರ್ಥವಾಗುತ್ತದೆ.

ಬಸವನಹುಳುವಿನಿಂದ ರೋಗ ಬರುತ್ತದೆಯೇ?

ಕೆಲವು ಜಾತಿಗಳು ಪರಾವಲಂಬಿ ಹುಳುಗಳಿಗೆ ನಡುಹಂತದ ಮನೆಯಾಗುತ್ತವೆ. ಇಂಗ್ಲಿಷಿನಲ್ಲಿ ‘ಸ್ನೇಲ್ ಫೀವರ್’ ಎಂದು ಕರೆಯುವ ಶಿಸ್ಟೊಸೋಮಿಯಾಸಿಸ್ ಮುಖ್ಯವಾಗಿ ಆಫ್ರಿಕಾದ ಕಾಯಿಲೆ. ಸಿಹಿನೀರಿನ ಬಸವನಹುಳುಗಳಿಂದ ಹೊರಬರುವ ಪರಾವಲಂಬಿ ಹುಳುವಿನ ಮರಿಗಳು ನೀರಿಗಿಳಿದವರ ಚರ್ಮವನ್ನು ತೂರಿ ಒಳಸೇರುತ್ತವೆ. ಜರ್ಮನಿಯ ವೈದ್ಯ ಥಿಯೋಡರ್ ಬಿಲ್ಹಾರ್ಜ್ 1851ರಲ್ಲಿ ಕೈರೋದಲ್ಲಿ ಆ ಹುಳುವನ್ನು ಗುರುತಿಸಿದರು.

ನಮ್ಮ ರೈತರಿಗೆ ಹತ್ತಿರದ್ದು ದನಕರುಗಳ ಪಿತ್ತಜನಕಾಂಗವನ್ನು ಸೇರುವ ಚಪ್ಪಟೆ ಹುಳು. ಕೆರೆಯಂಚಿನ, ಗದ್ದೆಬದುವಿನ ಪುಟ್ಟ ಬಸವನಹುಳುಗಳಲ್ಲಿ ಬೆಳೆದ ಅದರ ಮರಿಗಳು ಹುಲ್ಲಿಗೆ ಅಂಟಿಕೊಂಡಿರುತ್ತವೆ, ಆ ಹುಲ್ಲು ಮೇದ ದನ ಸೊರಗಿ ಅದರ ಕೆಳದವಡೆಯಡಿ ನೀರು ತುಂಬಿದಂತೆ ಊದಿಕೊಳ್ಳುತ್ತದೆ. ಜೌಗು ನೆಲದಲ್ಲಿ ಮೇಯಿಸದಿರುವುದು ಮತ್ತು ಪಶುವೈದ್ಯರು ಹೇಳಿದ ಕಾಲಕ್ಕೆ ಔಷಧಿ ಕುಡಿಸುವುದು ಇದಕ್ಕೆ ದಾರಿ. ಇನ್ನು ಇಲಿಯ ಶ್ವಾಸಕೋಶದ ಹುಳು ಆಫ್ರಿಕಾದ ದೊಡ್ಡ ಬಸವನಹುಳುವಿನ ಮೂಲಕ ಮನುಷ್ಯರಿಗೆ ದಾಟಿ ಮಿದುಳುಪೊರೆಯ ಉರಿಯೂತ ತರಬಲ್ಲದು. ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ತೋಟದ ಸೊಪ್ಪು ತರಕಾರಿಗಳನ್ನು ಚೆನ್ನಾಗಿ ತೊಳೆಯದೆ ತಿನ್ನಬಾರದು ಎನ್ನುವುದು ಈ ಕಾರಣಕ್ಕೆ.

ತೋಟಗಳನ್ನು ಹಾಳುಮಾಡುತ್ತಿರುವ ಆಫ್ರಿಕಾದ ಬಸವನಹುಳು ಇಲ್ಲಿಗೆ ಹೇಗೆ ಬಂತು, ತಡೆಯುವುದು ಹೇಗೆ?

ಪೂರ್ವ ಆಫ್ರಿಕಾದ ಅಕಾಟಿನಾ ಫುಲಿಕಾ ಎಂಬ ಈ ಜಾತಿಯನ್ನು ಮನುಷ್ಯರೇ ಭಾರತಕ್ಕೆ ತಂದರು. ಚಿಪ್ಪುಗಳ ಅಧ್ಯಯನದಲ್ಲಿ ಆಸಕ್ತಿಯಿದ್ದ ವಿಲಿಯಂ ಹೆನ್ರಿ ಬೆನ್ಸನ್ 1847ರಲ್ಲಿ ಮಾರಿಷಸ್‌ನಿಂದ ಕೆಲವನ್ನು ಕಲ್ಕತ್ತೆಗೆ ತಂದರು, ಅಲ್ಲಿಯ ಒಂದು ತೋಟದಿಂದ ಅವು ಹರಡಿದವು. ಇಂದು ಕೇರಳದಲ್ಲಿಯೂ ನಮ್ಮ ಕೊಡಗಿನ ಶನಿವಾರಸಂತೆ ಸುತ್ತಿನ ಕಾಫಿ ತೋಟಗಳಲ್ಲಿಯೂ ಅವುಗಳ ಹಾವಳಿ ರೈತರನ್ನು ಕಂಗೆಡಿಸಿದೆ. ಕಾಫಿ, ಬಾಳೆ, ಪಪ್ಪಾಯಿ, ಅಡಿಕೆ ಸಸಿ, ತರಕಾರಿ ಯಾವುದನ್ನೂ ಅವು ಬಿಡುವುದಿಲ್ಲ. ಬಾಯೊಳಗಿನ ನಾಲಿಗೆಯ ಮೇಲೆ ಬಡಗಿಯ ಅರದಂತೆ ಸಾವಿರಾರು ಸೂಕ್ಷ್ಮ ಹಲ್ಲುಗಳಿರುವುದರಿಂದ ಎಲೆಯನ್ನು ಕೆರೆದು ಕೆರೆದು ಜಾಲರಿ ಮಾಡುತ್ತವೆ. ಚಿಪ್ಪು ಬೆಳೆಸಲು ಸುಣ್ಣದ ಅಂಶ ಬೇಕಾಗಿ ಮನೆಯ ಗೋಡೆಯ ಸುಣ್ಣವನ್ನೂ ಕೆರೆಯುತ್ತವೆ. ಪ್ರತಿಯೊಂದು ಹುಳುವಿನಲ್ಲಿಯೂ ಗಂಡು ಮತ್ತು ಹೆಣ್ಣಿನ ಅಂಗಗಳೆರಡೂ ಇರುವುದರಿಂದ ಮೊಟ್ಟೆಯಿಡುವ ಶಕ್ತಿ ಎಲ್ಲಕ್ಕೂ ಇದೆ. ಒಂದೊಂದು ಸಲ ನೂರಕ್ಕೂ ಮಿಕ್ಕಿ ಮೊಟ್ಟೆಗಳನ್ನು ತೇವದ ಮಣ್ಣಿನಲ್ಲಿ ಇಡುತ್ತವೆ. ದರಗನ್ನು ಸರಿಸಿ ಮೇಲುಮಣ್ಣು ಕೆದಕಿದಾಗ ತಿಳಿಹಳದಿ ಬಣ್ಣದ, ನೆನೆದ ಸಬ್ಬಕ್ಕಿ ಕಾಳಿನಂಥ ಗುಂಪು ಕಂಡರೆ ಅದೇ ಅದರ ಮೊಟ್ಟೆ. ಅದನ್ನು ಅಲ್ಲಿಯೇ ಜಜ್ಜಿಬಿಡಬೇಕು.

ತಡೆಯುವ ಕೆಲಸದಲ್ಲಿ ಕೈಯಿಂದ ಆರಿಸುವುದಕ್ಕಿಂತ ಮಿಗಿಲಾದದ್ದಿಲ್ಲ, ಆದರೆ ಅದು ಒಬ್ಬರ ತೋಟಕ್ಕೆ ಸೀಮಿತವಾದರೆ ಫಲವಿಲ್ಲ, ಬೇಲಿಯಾಚೆಯ ತೋಟದವರೂ ಅದೇ ವಾರ ಕೈಜೋಡಿಸಬೇಕು. ಒದ್ದೆ ಗೋಣಿಚೀಲವನ್ನು ಸಂಜೆ ಗಿಡಗಳ ನಡುವೆ ಹಾಸಿ, ಅದರಡಿಯಲ್ಲಿ ಪಪ್ಪಾಯಿ ಎಲೆ, ಕಾಂಡದ ಚೂರು ಅಥವಾ ಎಲೆಕೋಸಿನ ಸೊಪ್ಪು ಇಟ್ಟರೆ ರಾತ್ರಿ ಮೇಯಲು ಬಂದವು ಬೆಳಿಗ್ಗೆ ಅದರಡಿಯಲ್ಲೇ ಉಳಿದಿರುತ್ತವೆ. ಆಗ ಕೈಗವಸು ಹಾಕಿ ಆರಿಸಿ ಗಟ್ಟಿ ಉಪ್ಪುನೀರಿನಲ್ಲಿ ಹಾಕಿ ಕೊಂದು ಆಳವಾಗಿ ಹೂಳಬೇಕು. ಸತ್ತವನ್ನು ಬಯಲಿನಲ್ಲಿ ರಾಶಿ ಹಾಕಿದರೆ ನಾತವೂ ನೊಣವೂ ತಪ್ಪದು. ಮೆಟಾಲ್ಡಿಹೈಡ್ ಗುಳಿಗೆಗಳು ಪರಿಣಾಮಕಾರಿ, ಆದರೆ ನಾಯಿಗಳಿಗೂ ದನಗಳಿಗೂ ವಿಷ. ಮಳೆ ಬಿಟ್ಟಿರುವಾಗ, ಸಾಕುಪ್ರಾಣಿಗಳು ಬಾರದ ಕಡೆ ಮಾತ್ರ ಬಳಸಬೇಕು.

ಅದನ್ನು ತಿನ್ನುವ ಇನ್ನೊಂದು ಪ್ರಾಣಿಯನ್ನು ತಂದು ಬಿಡಬಾರದೇ ಎಂದು ಹಲವರು ಕೇಳುತ್ತಾರೆ. ಹವಾಯಿಯಲ್ಲಿ 1955ರಲ್ಲಿ ಇದೇ ಉದ್ದೇಶಕ್ಕೆ ಒಂದು ಮಾಂಸಾಹಾರಿ ಬಸವನಹುಳುವನ್ನು ತಂದು ಬಿಟ್ಟರು. ಅದು ಆಫ್ರಿಕಾದ ಹುಳುವನ್ನು ಬಿಟ್ಟು ದ್ವೀಪದ ಮೂಲ ಜಾತಿಗಳನ್ನು ತಿಂದು ಹಾಕಿತು. ಪೆಸಿಫಿಕ್ಕಿನ ಮೊರೇಯಾ ದ್ವೀಪದಲ್ಲಿ 1977ರಲ್ಲಿ ಅದೇ ತಪ್ಪು ಮರುಕಳಿಸಿ, ಹತ್ತೇ ವರ್ಷಗಳಲ್ಲಿ ಅಲ್ಲಿಯ ಪಾರ್ಟುಲಾ ಎಂಬ ಮೂಲ ಬಸವನಹುಳುಗಳ ಜಾತಿಗಳು ಕಾಡಿನಲ್ಲಿ ಇಲ್ಲವಾದವು. ಮೂರೇ ಹುಳುಗಳಿಂದ ಏನಾಗಬಹುದು ಎಂಬುದಕ್ಕೆ ಫ್ಲಾರಿಡಾದ ಉದಾಹರಣೆ ಇದೆ. 1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ತಂದ ಆಫ್ರಿಕಾ ಜಾತಿಯ ಮೂರು ಬಸವನಹುಳುಗಳು ತೋಟ ಸೇರಿ, ಏಳೇ ವರ್ಷಗಳಲ್ಲಿ ಸುಮಾರು 18,000 ಆದವು. ಅವನ್ನು ಪೂರ್ತಿ ಅಳಿಸಲು ಹತ್ತು ವರ್ಷಗಳಷ್ಟು ಕಾಲವೂ ಹತ್ತು ಲಕ್ಷ ಡಾಲರಿನಷ್ಟು ಹಣವೂ ಬೇಕಾಯಿತು. ಆದ್ದರಿಂದ ಅಂದವಾಗಿದೆಯೆಂದು ಮಕ್ಕಳು ಡಬ್ಬಿಯಲ್ಲಿ ಹಾಕಿಕೊಂಡು ಬೇರೆ ಊರಿಗೆ ಒಯ್ಯುವುದನ್ನು ದಯವಿಟ್ಟು ತಡೆಯಿರಿ. ಸಸಿಗಳನ್ನು ತರುವಾಗ ಬುಡದ ಮಣ್ಣನ್ನೂ ನೋಡಿ ತನ್ನಿ.

ಹಾಗಾದರೆ ಎಲ್ಲ ಬಸವನಹುಳುಗಳನ್ನೂ ಕೊಲ್ಲಬೇಕೇ?

ಬೇಡ. ನಮ್ಮ ನೆಲದ್ದೇ ಆದ ಚಿಕ್ಕ ಜಾತಿಗಳಲ್ಲಿ ಎಷ್ಟೋ ಕೊಳೆತ ಎಲೆ, ಪಾಚಿ, ಶಿಲೀಂಧ್ರಗಳನ್ನು ತಿಂದು ಮಣ್ಣಿಗೆ ಮರಳಿಸುತ್ತವೆ. ಮಿಂಚುಹುಳುಗಳ ಮರಿಗಳು ಬಸವನಹುಳುಗಳನ್ನು ತಿಂದೇ ಬೆಳೆಯುತ್ತವೆ. ರಂಗನತಿಟ್ಟಿನಲ್ಲಿ ಗೂಡು ಕಟ್ಟುವ ಬಾಯ್ಕಳಕ ಕೊಕ್ಕರೆಯ ಕೊಕ್ಕು ನಡುವೆ ಮುಚ್ಚಿಕೊಳ್ಳದೆ ಸಂದು ಬಿಟ್ಟಿರುತ್ತದೆ. ಗದ್ದೆ ಮತ್ತು ಕೆರೆಗಳ ಪೈಲಾ ಎಂಬ ದುಂಡು ಬಸವನಹುಳುವಿನ ಮುಚ್ಚಳ ತೆಗೆದು ಮಾಂಸವನ್ನು ಎಳೆದುಕೊಳ್ಳುವುದೇ ಆ ಕೊಕ್ಕಿನ ಕೆಲಸ. ಕೆರೆಯಲ್ಲಿ ಪೈಲಾ ಇಲ್ಲವಾದರೆ ಆ ಹಕ್ಕಿಗೆ ಊಟವಿಲ್ಲ.

ಇದನ್ನು ಜನ ತಿನ್ನುತ್ತಾರೆಯೇ? ಬೇರೆ ಉಪಯೋಗಗಳೇನು?

ಫ್ರಾನ್ಸಿನಲ್ಲಿ ಬೆಣ್ಣೆ, ಬೆಳ್ಳುಳ್ಳಿ, ಸೊಪ್ಪು ಹಾಕಿ ಬೇಯಿಸಿದ ಬಸವನಹುಳು ಹೆಸರಾಂತ ಅಡುಗೆ; ‘ಎಸ್ಕಾರ್ಗೋ’ ಎಂಬ ಪದ ಅಲ್ಲಿಂದ ಬಂತು. ತುಳುನಾಡಿನಲ್ಲಿ ನರ್ತೆಯ ಪದಾರ್ಥ ಮಾಡುವವರಿದ್ದಾರೆ. ಆಫ್ರಿಕಾದ ಪೀಡೆಯ ಹುಳುವನ್ನು ಮಾತ್ರ ವಿಷದ ಗುಳಿಗೆ ತಿಂದಿರಬಹುದಾದ ತೋಟಗಳಿಂದ ಹಿಡಿದು ತಿನ್ನಬಾರದು.

ಮೆಡಿಟರೇನಿಯನ್ ತೀರದ ಟೈರ್ ಪಟ್ಟಣದವರು ಮ್ಯೂರೆಕ್ಸ್ ಎಂಬ ಕಡಲ ಬಸವನಹುಳುವಿನಿಂದ ನೇರಳೆ ಬಣ್ಣ ತೆಗೆಯುತ್ತಿದ್ದರು, ಅದು ರೋಮಿನ ಚಕ್ರವರ್ತಿಗಳ ಉಡುಪಿನ ಬಣ್ಣವಾಯಿತು. ಅದರ ಬೆಲೆ ಏಕೆ ಅಷ್ಟಿತ್ತು ಎಂಬುದು 1909ರಲ್ಲಿ ಗೊತ್ತಾಯಿತು: ಪಾಲ್ ಫ್ರೀಡ್‌ಲ್ಯಾಂಡರ್ ಎಂಬ ರಸಾಯನವಿಜ್ಞಾನಿ 12,000 ಹುಳುಗಳಿಂದ ಪಡೆದ ಬಣ್ಣ ಒಟ್ಟು 1.4 ಗ್ರಾಂ. ಬಾಣದಂಥ ಹಲ್ಲಿನಿಂದ ಮೀನನ್ನು ಚುಚ್ಚಿ ಕೊಲ್ಲುವ ಶಂಕುವಿನಾಕಾರದ ಕಡಲ ಬಸವನಹುಳುವಿನ ವಿಷದ ಮಾದರಿಯಲ್ಲಿ ತಯಾರಿಸಿದ ಜಿಕೊನೊಟೈಡ್ ಎಂಬ ನೋವುನಿವಾರಕಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಬೇರೆ ಮದ್ದು ನಾಟದ ತೀವ್ರ ನೋವಿಗೆ ಅದನ್ನು ಬೆನ್ನುಹುರಿಯ ದ್ರವಕ್ಕೆ ನೇರವಾಗಿ ಕೊಡುತ್ತಾರೆ.

ಉಪ್ಪು ಬಿದ್ದರೆ ಏಕೆ ಸಾಯುತ್ತದೆ?

ಅದರ ಚರ್ಮ ಸದಾ ತೇವವಾಗಿದ್ದು ನೀರು ಸುಲಭವಾಗಿ ದಾಟುವಂಥದು. ಮೈಮೇಲೆ ಉಪ್ಪು ಬಿದ್ದಾಗ ಹೊರಗಿನ ಸಾಂದ್ರತೆ ಹೆಚ್ಚಿ ಒಳಗಿನ ನೀರೆಲ್ಲ ಹೊರಕ್ಕೆ ಎಳೆದುಕೊಳ್ಳುತ್ತದೆ, ನೊರೆಯಂತೆ ಲೋಳೆ ಉಕ್ಕುತ್ತದೆ. ಪೀಡೆಯ ನಿಯಂತ್ರಣಕ್ಕೆ ಅನಿವಾರ್ಯವಾದಾಗ ಬಿಟ್ಟು, ಆಟಕ್ಕಾಗಿ ಮಕ್ಕಳು ಹಾಗೆ ಮಾಡುವುದನ್ನು ಹಿರಿಯರು ಬಿಡಿಸಬೇಕು.

ಬೇಸಿಗೆಯಲ್ಲಿ ಬಸವನಹುಳುಗಳು ಎಲ್ಲಿಗೆ ಹೋಗುತ್ತವೆ?

ಎಲ್ಲಿಗೂ ಹೋಗುವುದಿಲ್ಲ. ಕಲ್ಲಿನ ಸಂದಿಯಲ್ಲಿ, ಮಣ್ಣಿನಡಿಯಲ್ಲಿ, ಮರದ ತೊಗಟೆಯ ಮರೆಯಲ್ಲಿ ಚಿಪ್ಪಿನ ಬಾಯಿಗೆ ಒಣಗಿದ ಲೋಳೆಯ ಪರದೆ ಕಟ್ಟಿಕೊಂಡು, ಉಸಿರಾಟವನ್ನೂ ಎದೆಬಡಿತವನ್ನೂ ತಗ್ಗಿಸಿ, ಮಳೆ ಬರುವವರೆಗೆ ನಿದ್ರಿಸುತ್ತವೆ. ಈ ನಿದ್ರೆ ಎಷ್ಟು ಗಾಢವೆಂಬುದಕ್ಕೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಈಜಿಪ್ಟಿನ ಮರುಭೂಮಿಯಿಂದ ತಂದ ಒಂದು ಚಿಪ್ಪನ್ನು ಬರಿದೆಂದು ಭಾವಿಸಿ 1846ರ ಮಾರ್ಚಿನಲ್ಲಿ ರಟ್ಟಿಗೆ ಅಂಟಿಸಿ ಪ್ರದರ್ಶನಕ್ಕೆ ಇಟ್ಟರು. 1850ರ ಮಾರ್ಚಿನಲ್ಲಿ ಯಾರೋ ಆ ರಟ್ಟಿನ ಮೇಲೆ ಲೋಳೆಯ ಗುರುತನ್ನು ಕಂಡು, ಚಿಪ್ಪನ್ನು ಬಿಡಿಸಿ ಉಗುರುಬೆಚ್ಚನೆಯ ನೀರಿನಲ್ಲಿ ಇಟ್ಟಾಗ, ನಾಲ್ಕು ವರ್ಷ ಏನನ್ನೂ ತಿನ್ನದಿದ್ದ ಹುಳು ಕೋಡುಗಳನ್ನು ಹೊರಚಾಚಿ ನಡೆಯತೊಡಗಿತು. ಆಮೇಲೆ ಅದಕ್ಕೆ ಎಲೆಕೋಸಿನ ಎಲೆ ಕೊಟ್ಟರು.